ಉತ್ತರಕಾಲೀನ ರೋಮನ್ ಚಕ್ರವರ್ತಿಗಳ ನಾಣ್ಯಪದ್ಧತಿ

ಪ್ರಾಚೀನ ರಾಜ್ಯಗಳ ಚರಿತ್ರೆಯನ್ನು ಅರಿಯಲು ನಮಗಿರುವ ಸಾಧನಗಳಲ್ಲಿ ನಾಣ್ಯಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಶಾಸನವು ಅರಸನು ಬರೆಯಿಸಿದುದನ್ನು ಹೇಳುತ್ತದೆ. ಆಸ್ಥಾನಕವಿಯ ಪ್ರಶಸ್ತಿಯು ಅರಸನಿಗೆ ಪ್ರಿಯವಾದುದನ್ನು ಹೇಳುತ್ತದೆ. ನಾಣ್ಯವಾದರೋ ಎರಡು ಬಗೆಯ ಸಾಕ್ಷ್ಯವನ್ನು ಒಟ್ಟಿಗೆ ಕೊಡುತ್ತದೆ. ಮೇಲಿನ ಮುದ್ರೆ ಮತ್ತು ಬರಹ ಅರಸನ ಮಾತು. ಒಳಗಿನ ಲೋಹ ಅವನ ನಡತೆ. ಈ ಮಾತು ನಡತೆಗಳ ಅಂತರವನ್ನು ತಕ್ಕಡಿಯಲ್ಲಿ ತೂಗಿ, ಒರೆಗಲ್ಲಿನ ಮೇಲೆ ಉಜ್ಜಿ ನೋಡಲು ಸಾಧ್ಯವಾಗುವಂಥ ಆಧಾರ ಬೇರೊಂದು ದೊರೆಯುವುದು ಕಷ್ಟ.

ಈ ದೃಷ್ಟಿಯಿಂದ ರೋಮನ್ ಸಾಮ್ರಾಜ್ಯದ ಉತ್ತರಕಾಲ, ಎಂದರೆ ಸುಮಾರಾಗಿ ಕ್ರಿ.ಶ. ೩ನೆಯ ಶತಮಾನದ ಮೊದಲಿನಿಂದ ೬ನೆಯ ಶತಮಾನದ ಮೊದಲವರೆಗಿನ ಅವಧಿ, ಬಹಳ ಬೋಧಪ್ರದವಾದುದು. ಈ ಮುನ್ನೂರು ವರ್ಷಗಳಲ್ಲಿ ಒಂದು ಬೆಳ್ಳಿಯ ನಾಣ್ಯ ಸಂಪೂರ್ಣವಾಗಿ ಕೆಟ್ಟುಹೋಯಿತು. ಒಂದು ಚಿನ್ನದ ನಾಣ್ಯ ಹುಟ್ಟಿ ಏಳು ಶತಮಾನಗಳ ಕಾಲ ಬಾಳಿತು. ಈ ಎರಡು ಸಂಗತಿಗಳನ್ನು ರೋಗವೆಂದೂ ಚಿಕಿತ್ಸೆಯೆಂದೂ ವರ್ಣಿಸುವುದು ವಾಡಿಕೆ. ಆ ವರ್ಣನೆ ಎಷ್ಟರಮಟ್ಟಿಗೆ ಸರಿ, ಚಿಕಿತ್ಸೆಯ ವೆಚ್ಚವನ್ನು ತೆತ್ತವರು ಯಾರು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಬೆಳ್ಳಿಯ ಕ್ಷಯ

ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ವ್ಯವಸ್ಥೆಗೊಂಡ ನಾಣ್ಯಪದ್ಧತಿಯಲ್ಲಿ ಔರಿಯಸ್ ಎಂಬುದು ಚಿನ್ನದ ನಾಣ್ಯ; ದಿನಾರಿಯಸ್ ಎಂಬುದು ಬೆಳ್ಳಿಯದು. ೨೫ ದಿನಾರಿಗಳಿಗೆ ಒಂದು ಔರಿಯಸ್. ಸುಮಾರು ೩೨೫ ಗ್ರಾಂ ತೂಗುವ ಒಂದು ರೋಮನ್ ಪೌಂಡು ಬೆಳ್ಳಿಯಿಂದ ೮೪ ದಿನಾರಿಗಳನ್ನು ಅಚ್ಚು ಹಾಕುತ್ತಿದ್ದರು. ಬೆಳ್ಳಿ ಹೆಚ್ಚು ಕಡಿಮೆ ಅಪ್ಪಟವಾಗಿತ್ತು. ಕ್ರಿ.ಶ. ೬೪ರಲ್ಲಿ ನೀರೋ ಚಕ್ರವರ್ತಿ ಅದೇ ಪೌಂಡಿನಿಂದ ೯೬ ನಾಣ್ಯಗಳನ್ನು ತೆಗೆದನಲ್ಲದೆ ಲೋಹಕ್ಕೆ ತಾಮ್ರದ ಬೆರಕೆಯನ್ನೂ ಸೇರಿಸಿದನು. ಅಲ್ಲಿಂದ ಮುಂದಿನ ಇಳಿತ ನಿಧಾನವಾದುದು. ಆದರೆ ಸೆಪ್ಟಿಮಿಯಸ್ ಸೆವೆರಸನ ಆಳ್ವಿಕೆಯಲ್ಲಿ (೧೯೩–೨೧೧) ದಿನಾರಿಯಸ್ಸಿನಲ್ಲಿ ಉಳಿದ ಬೆಳ್ಳಿ ಸುಮಾರು ಅರ್ಧದಷ್ಟು ಮಾತ್ರ. ಅವನ ಮಗ ಕಾರಕಲ್ಲ ೨೧೫ರಲ್ಲಿ ಹೊಸದೊಂದು ಬೆಳ್ಳಿಯ ನಾಣ್ಯವನ್ನು ಹೊರಡಿಸಿದನು. ಅದರ ಮೇಲೆ ಚಕ್ರವರ್ತಿಯ ತಲೆಗೆ ಸೂರ್ಯಕಿರಣಗಳ ಕಿರೀಟ. ವಿದ್ವಾಂಸರು ಅದನ್ನು ಅಂಟೊನಿನಿಯಾನಸ್ ಎಂದು ಕರೆಯುತ್ತಾರೆ. ಅದರ ಬೆಲೆ ಎರಡು ದಿನಾರಿಗಳೆಂದು ಸಾಮಾನ್ಯವಾಗಿ ಒಪ್ಪಲಾಗಿದೆ; ಒಳಗಿದ್ದ ಬೆಳ್ಳಿ ಒಂದೂವರೆ ದಿನಾರಿಯಷ್ಟು.

ಇದಕ್ಕೆ ಕಾರಣವನ್ನು ಚಕ್ರವರ್ತಿಗಳ ದುರಾಸೆಯಲ್ಲಿ ಮಾತ್ರ ಹುಡುಕುವುದು ಸರಿಯಲ್ಲ. ಇಂದಿನ ಸರಕಾರಗಳಂತೆ ಸಾಲಪತ್ರಗಳನ್ನು ಹೊರಡಿಸಿ ಪ್ರಜೆಗಳಿಂದ ಹಣವೆತ್ತುವ ಕ್ರಮ ರೋಮನ್ ರಾಜ್ಯದಲ್ಲಿ ಬೆಳೆದಿರಲಿಲ್ಲ. ಸೆವೆರಸನೂ ಕಾರಕಲ್ಲನೂ ಸೈನಿಕರ ವೇತನವನ್ನು ಏರಿಸಿದರು. ಗಡಿಗಳಲ್ಲಿ ಯುದ್ಧ ಬಿಡುವಿಲ್ಲದೆ ನಡೆಯಿತು. ತೆರಿಗೆ ಸಾಲದೆ ಬಂದಾಗ ಒಂದೇ ಪೌಂಡು ಬೆಳ್ಳಿಯಿಂದ ಹೆಚ್ಚು ನಾಣ್ಯ ತೆಗೆಯುವುದೊಂದೇ ಉಳಿದ ದಾರಿ. ೨೩೫ರಿಂದ ೨೮೪ರವರೆಗಿನ ಅರ್ಧ ಶತಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಕ್ರವರ್ತಿಗಳೆನಿಸಿಕೊಂಡರು. ಅವರಲ್ಲಿ ಬಹುಮಂದಿಯನ್ನು ಮೇಲಕ್ಕೆ ಎತ್ತಿದುದೂ ಕೆಳಕ್ಕೆ ಕೆಡವಿದುದೂ ಸೈನ್ಯವೇ. ೨೬೦ರಲ್ಲಿ ವ್ಯಾಲೇರಿಯನ್ ಚಕ್ರವರ್ತಿ ಪಾರಸಿಕ ದೊರೆ ಶಾಪೂರನ ಕೈಗೆ ಸೆರೆಸಿಕ್ಕನು. ಅವನ ಮಗ ಗ್ಯಾಲಿಯೆನಸನ ಆಳ್ವಿಕೆಯ ಕೊನೆಗೆ, ೨೬೮ರ ಹೊತ್ತಿಗೆ, ಅಂಟೊನಿನಿಯಾನಸ್ಸಿನಲ್ಲಿದ್ದ ಬೆಳ್ಳಿ ನೂರಕ್ಕೆ ಎರಡು ಮೂರು ಪಾಲು. ಉಳಿದುದು ತಾಮ್ರ. ಮೇಲೆ ತೆಳುವಾಗಿ ಬೆಳ್ಳಿಯ ಲೇಪವಿರುತ್ತಿತ್ತು. ಕೈಯಿಂದ ಕೈಗೆ ಸಾಗಿದಂತೆ ಅದು ಸವೆದು ಒಳಗಿನ ಕೆಂಪು ಕಾಣಿಸಿಕೊಳ್ಳುತ್ತಿತ್ತು.

೨. ಆಕ್ಸಿರಿಂಕಸ್ಸಿನ ಚಿನಿವಾರರು

ನಾಣ್ಯ ಕೆಟ್ಟಾಗ ಅದನ್ನು ಮೊದಲು ಗುರುತಿಸುವವನು ಹಣ ವಿನಿಮಯ ಮಾಡುವ ಚಿನಿವಾರ. ಇದಕ್ಕೆ ಸಾಕ್ಷಿಯಾದ ಒಂದು ಕಾಗದ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಅವಶೇಷಗಳಲ್ಲಿ ದೊರೆತಿದೆ. ಅದರ ಕಾಲ ೨೬೦. ಆ ಜಿಲ್ಲೆಯ ಅಧಿಕಾರಿ ಹೊರಡಿಸಿದ ಆಜ್ಞೆ ಅದು. ಚಕ್ರವರ್ತಿಗಳ ಪವಿತ್ರ ನಾಣ್ಯವನ್ನು ಸ್ವೀಕರಿಸಲು ಮನಸ್ಸಿಲ್ಲದೆ ವಿನಿಮಯದ ಬ್ಯಾಂಕುಗಳವರು ಬಾಗಿಲು ಹಾಕಿಕೊಂಡಿದ್ದಾರೆಂಬ ವಿಷಯ ಅವನಿಗೆ ತಿಳಿದುಬಂದಿದೆ. ಆದುದರಿಂದ ಎಲ್ಲರೂ ಬಾಗಿಲು ತೆರೆಯತಕ್ಕದ್ದು, ಸ್ಪಷ್ಟವಾಗಿ ಖೋಟಾ ಎನಿಸಿದುದನ್ನು ಬಿಟ್ಟು ಉಳಿದ ಎಲ್ಲ ನಾಣ್ಯಗಳನ್ನೂ ಪಡೆಯತಕ್ಕದ್ದು, ವ್ಯಾಪಾರ ಮಾಡುವ ಇತರರಿಗೂ ಈ ಆಜ್ಞೆ ಅನ್ವಯಿಸತಕ್ಕದ್ದು, ತಪ್ಪಿದವರಿಗೆ ದಂಡನೆ ಕಾದಿದೆ ಎಂಬುದು ಅದರ ಸಾರಾಂಶ.

ಆ ಕಾಲದ ಈಜಿಪ್ಟಿಗೆ ತನ್ನದೇ ಆದ ಪ್ರಾಂತೀಯ ನಾಣ್ಯವಿತ್ತು. ಬೆರಕೆಯ ಬೇನೆ ಅದಕ್ಕೂ ತಗುಲಿತ್ತು. ಅಲ್ಲದೆ ಆಗ ಆ ದೇಶವನ್ನು ಆಳುತ್ತಿದ್ದವರು ಮಾಕ್ರಿಯಾನಸ್ ಮತ್ತು ಕ್ವಯೆಟಸ್ ಎಂಬ ಇಬ್ಬರು ದಂಗೆಕೋರ ಸೋದರರು. ಚಿನಿವಾರರ ಹಿಂಜರಿಕೆಗೆ ಲೋಹದ ಮೇಲಿನ ಅಪನಂಬಿಕೆಯೊಡನೆ, ಈ ಅರಸರು ನಾಳೆಗೆ ಉಳಿಯುವರೇ ಎಂಬ ಸಂಶಯವೂ ಸೇರಿದ್ದಿರಬಹುದು. ಹೇಗಿದ್ದರೂ ಬ್ಯಾಂಕಿನ ವೃತ್ತಿಯಲ್ಲಿರುವ ನನ್ನಂಥವನಿಗೆ ಈ ಕಾಗದ ವಿಶೇಷ ಆಸಕ್ತಿಯನ್ನು ಹುಟ್ಟಿಸುತ್ತದೆ. ನಂಬಿಕೆ ಇರುವಲ್ಲಿ ನಾಣ್ಯವನ್ನು ಸ್ವೀಕರಿಸಿರೆಂದು ಆಜ್ಞೆ ಮಾಡಬೇಕಾದ ಅಗತ್ಯವೇ ಬೀಳುವುದಿಲ್ಲ. ಆಜ್ಞೆ ಹೊರಟಿತೆಂದರೆ ನಂಬಿಕೆ ಅದಕ್ಕೆ ಮೊದಲೇ ಹೊರಟುಹೋಗಿತ್ತೆಂದು ತಿಳಿಯಬೇಕು.

೩. ಔರೇಲಿಯನ್ ಮತ್ತು ಡಯೋಕ್ಲೀಷಿಯನ್

ಔರೇಲಿಯನ್ (೨೭೦–೨೭೫) ಸಾಮ್ರಾಜ್ಯದ ಒಡೆದ ಭಾಗಗಳನ್ನು ಮತ್ತೆ ಒಂದುಗೂಡಿಸಿದ ವೀರ. ಅವನ ಆಳ್ವಿಕೆಯ ಆರಂಭದಲ್ಲಿ ರೋಮಿನ ಟಂಕಸಾಲೆಯ ಕೆಲಸಗಾರರು ಫೆಲಿಸಿಸ್ಸಿಮಸ್ ಎಂಬ ಹಣಕಾಸಿನ ಅಧಿಕಾರಿಯ ನೇತೃತ್ವದಲ್ಲಿ ದಂಗೆಯೆದ್ದರು. ಕೀಲಿಯನ್ ಗುಡ್ಡದ ಮೇಲೆ ನಡೆದ ಕಾಳಗದಲ್ಲಿ ಸುಮಾರು ೭,೦೦೦ ಸೈನಿಕರು ಮಡಿದರೆಂದು ಔರೇಲಿಯಸ್ ವಿಕ್ಟರ್ ಎಂಬ ಚರಿತ್ರೆಕಾರ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದರೂ, ನಾಣ್ಯದ ಬೆಳ್ಳಿಯನ್ನು ಕದ್ದು ಬದುಕುವವರ ಬಲ ಎಷ್ಟಕ್ಕೆ ಏರಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ೨೭೪ರ ಸುಮಾರಿಗೆ ಔರೇಲಿಯನ್ ನಾಣ್ಯವನ್ನು ಸುಧಾರಿಸಿದನು. ಹೊಸ ನಾಣ್ಯಗಳ ಮೇಲೆ ರೋಮನ್ ಅಂಕಿಗಳಲ್ಲಿ ೨೧ ಎಂಬ ಗುರುತು ಕಾಣುತ್ತದೆ. ಇಪ್ಪತ್ತು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಎಂಬುದೇ ಅದರ ಅರ್ಥವೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಲೋಹ ಬಡವಾದುದೇ ಸರಿ. ಆದರೆ ಒಳಗೆ ಇರುವುದೆಷ್ಟು ಎಂಬುದನ್ನು ನಾಣ್ಯದ ಮೇಲೆಯೇ ಹೇಳಿದ್ದು ಒಂದು ಹೆಜ್ಜೆ ಮುಂದೆ.

ಡಯೋಕ್ಲೀಷಿಯನ್ (೨೮೪–೩೦೫) ಆಡಳಿತವನ್ನು ನಾಲ್ವರಲ್ಲಿ ಹಂಚಿ, ನಾಣ್ಯವನ್ನು ತಳದಿಂದ ಕಟ್ಟಲು ಯತ್ನಿಸಿದನು. ಪೌಂಡಿಗೆ ೬೦ರಂತೆ ಚಿನ್ನದ ಔರಿಯಸ್, ಪೌಂಡಿಗೆ ೯೬ರಂತೆ ಅಪ್ಪಟ ಬೆಳ್ಳಿಯ ಅರ್ಜೆಂಟಿಯಸ್, ಅಲ್ಪ ಬೆಳ್ಳಿ ಬೆರೆತ ದೊಡ್ಡ ತಾಮ್ರದ ನಮ್ಮಸ್ ಎಂಬಿವು ಅವನ ನಾಣ್ಯಗಳು. ಆದರೂ ಬೆಲೆಗಳು ಏರುತ್ತಲೇ ಹೋದುವು. ೩೦೧ರ ಸೆಪ್ಟೆಂಬರ್ ೧ರಿಂದ ನಾಣ್ಯಗಳ ಬೆಲೆಯನ್ನು ಹೆಚ್ಚಿಸಿದ ಆಜ್ಞೆಯೊಂದು ಏಷ್ಯಾಮೈನರಿನ ಅಫ್ರೋಡಿಸಿಯಸ್ ನಗರದ ಶಿಲಾಶಾಸನದಿಂದ ತಿಳಿದುಬಂದಿದೆ. ಅದರಂತೆ ಒಂದು ಅರ್ಜೆಂಟಿಯಸ್ಸಿಗೆ ೧೦೦ ದಿನಾರಿ. ಅದೇ ವರ್ಷದ ಕೊನೆಯಲ್ಲಿ ಪ್ರಸಿದ್ಧವಾದ ಬೆಲೆಗಳ ಆಜ್ಞೆ ಹೊರಟಿತು. ಸಾವಿರಕ್ಕೂ ಹೆಚ್ಚು ಪದಾರ್ಥಗಳಿಗೂ ಸೇವೆಗಳಿಗೂ ಗರಿಷ್ಠ ಬೆಲೆಯನ್ನು ಗೊತ್ತುಮಾಡಿ, ಮೀರಿದವರಿಗೆ ಮರಣದಂಡನೆಯನ್ನು ವಿಧಿಸಿದ ಆಜ್ಞೆ ಇದು. ಬೇಸಾಯದ ಕೂಲಿಯವನಿಗೆ ಊಟದ ಜತೆಗೆ ದಿನಕ್ಕೆ ೨೫ ದಿನಾರಿ. ಕ್ಷೌರಿಕನಿಗೆ ತಲೆಯೊಂದಕ್ಕೆ ೨. ಓದುಬರಹ ಕಲಿಸುವ ಉಪಾಧ್ಯಾಯನಿಗೆ ಹುಡುಗನೊಬ್ಬನಿಗೆ ತಿಂಗಳಿಗೆ ೫೦. ಸೈನ್ಯದ ಅಳತೆಯ ಒಂದು ಮೋದಿಯಸ್ ಗೋಧಿಗೆ ೧೦೦. ಎಂದರೆ ಕೂಲಿಯವನ ನಾಲ್ಕು ದಿನದ ಹಣಕ್ಕೆ ಒಂದು ಅಳತೆ ಗೋಧಿ.

ಈ ಆಜ್ಞೆಯ ಪೀಠಿಕೆ ಎಲ್ಲ ತಪ್ಪನ್ನೂ ವರ್ತಕರ ಲೋಭದ ಮೇಲೆ ಹೊರಿಸುತ್ತದೆ; ಟಂಕಸಾಲೆಯ ಮಾತನ್ನು ಎತ್ತುವುದಿಲ್ಲ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅದೇ ಆಜ್ಞೆಯ ಪ್ರಕಾರ ಒಂದು ಪೌಂಡು ಬೆಳ್ಳಿಗೆ ೬,೦೦೦ ದಿನಾರಿ. ಅದನ್ನು ೯೬ರಿಂದ ಭಾಗಿಸಿದರೆ ಒಂದು ಅರ್ಜೆಂಟಿಯಸ್ಸಿನಲ್ಲಿದ್ದ ಲೋಹದ ಬೆಲೆ ೬೨½ ದಿನಾರಿ. ಸರಕಾರ ಅದನ್ನು ೧೦೦ಕ್ಕೆ ಸಾಗಿಸುತ್ತಿತ್ತು. ಕ್ರೈಸ್ತ ಲೇಖಕನಾದ ಲಾಕ್ಟಾಂಟಿಯಸ್ ಡಯೋಕ್ಲೀಷಿಯನನ ಬದ್ಧವೈರಿ. ಆದುದರಿಂದ ಅವನ ಮಾತನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಬೇಕು. ಆದರೂ ಸರಕು ಪೇಟೆಯಿಂದ ಮಾಯವಾಯಿತು, ಅಲ್ಪ ವಸ್ತುಗಳಿಗಾಗಿ ರಕ್ತಪಾತವಾಯಿತು, ಕಡೆಗೆ ಆಜ್ಞೆಯನ್ನು ಕೈಬಿಡಬೇಕಾಯಿತು ಎಂದು ಅವನು ಹೇಳುವುದು ಅಸಂಭವವೆನಿಸುವುದಿಲ್ಲ.

೪. ಸಾಲಿಡಸ್: ಇಬ್ಬಗೆಯ ನಾಣ್ಯ

ಕಾನ್‌ಸ್ಟಂಟೈನ್ (೩೦೬–೩೩೭) ಹಿಡಿದ ದಾರಿ ಬೇರೆ. ಸುಮಾರು ೩೦೯ರಲ್ಲಿ ಟ್ರಿಯರ್ ನಗರದಲ್ಲಿ ಅವನು ಪೌಂಡಿಗೆ ೭೨ರಂತೆ, ತಲಾ ಸುಮಾರು ನಾಲ್ಕೂವರೆ ಗ್ರಾಂ ತೂಕದ ಚಿನ್ನದ ನಾಣ್ಯವನ್ನು ಹೊರಡಿಸಿದನು. ಇದರ ಹೆಸರು ಸಾಲಿಡಸ್, ಎಂದರೆ ಗಟ್ಟಿಯಾದುದು. ೩೨೪ರಲ್ಲಿ ಲಿಸಿನಿಯಸನನ್ನು ಸೋಲಿಸಿದ ಮೇಲೆ ಇದು ಇಡೀ ಸಾಮ್ರಾಜ್ಯದ ನಾಣ್ಯವಾಯಿತು. ವಾಸ್ತವವಾಗಿ ಇದು ಡಯೋಕ್ಲೀಷಿಯನನ ಔರಿಯಸ್ಸಿಗಿಂತ ಹಗುರ. ಇದರ ಹಿರಿಮೆ ತೂಕದ ಹೆಚ್ಚಳದಲ್ಲಿಲ್ಲ. ಒಮ್ಮೆ ಗೊತ್ತುಮಾಡಿದ ತೂಕವನ್ನು ಮುಂದಿನವರು ಕದಲಿಸದೆ ಇದ್ದುದರಲ್ಲಿದೆ. ಲಿಸಿನಿಯಸನ ಭಂಡಾರ, ದೇವಾಲಯಗಳಿಂದ ಕಿತ್ತ ಚಿನ್ನ, ಹೊಸ ತೆರಿಗೆಗಳು ಇವೆಲ್ಲ ಅದಕ್ಕೆ ಬೇಕಾದ ಲೋಹವನ್ನು ಒದಗಿಸಿದುವು. ಸೋಲ್ಜರ್ ಎಂಬ ಇಂಗ್ಲಿಷ್ ಮಾತು ಈ ನಾಣ್ಯದ ಹೆಸರಿನಿಂದಲೇ ಬಂದುದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಚಿನ್ನ ಸ್ಥಿರವಾಯಿತೇ ಹೊರತು ತಾಮ್ರದ ನಾಣ್ಯ ಸ್ಥಿರವಾಗಲಿಲ್ಲ. ಅದರ ತೂಕ ವರ್ಷ ವರ್ಷಕ್ಕೆ ಕರಗಿತು. ಡಯೋಕ್ಲೀಷಿಯನನ ಆಜ್ಞೆಯಲ್ಲಿ ಒಂದು ಪೌಂಡು ಚಿನ್ನಕ್ಕೆ ೭೨,೦೦೦ ದಿನಾರಿ. ಆ ಲೆಕ್ಕದಂತೆ ಒಂದು ಸಾಲಿಡಸ್ಸಿನಷ್ಟು ಚಿನ್ನಕ್ಕೆ ೧,೦೦೦ ದಿನಾರಿ, ಎಂದರೆ ಬೇಸಾಯದ ಕೂಲಿಯವನ ೪೦ ದಿನಗಳ ಹಣ. ಅದೇ ೪ನೆಯ ಶತಮಾನದ ಕೊನೆಗೆ ಈಜಿಪ್ಟಿನ ಕಾಗದಪತ್ರಗಳಲ್ಲಿ ಸಾಲಿಡಸ್ಸಿನ ಬೆಲೆಯನ್ನು ದಿನಾರಿಗಳ ಕೋಟಿಯ ಲೆಕ್ಕದಲ್ಲಿ ಬರೆದಿದೆ. ದಿನಾರಿಯಸ್ ಆಗ ಲೆಕ್ಕದ ಪುಸ್ತಕದಲ್ಲಿ ಮಾತ್ರ ಉಳಿದಿದ್ದ ಹೆಸರು.

ಸರಕಾರ ಮಾಡುತ್ತಿದ್ದುದೇನೆಂದರೆ, ತೆರಿಗೆಯನ್ನು ಆದಷ್ಟೂ ಚಿನ್ನದಲ್ಲಿ ಕೇಳುವುದು. ದಿನದ ಪೇಟೆಗೆ ತಾಮ್ರವನ್ನು ಬಿಡುವುದು. ಅಧಿಕಾರಿ, ಸೇನಾಪತಿ, ದೊಡ್ಡ ಜಮೀನುದಾರ ಇವರ ಪೆಟ್ಟಿಗೆಯಲ್ಲಿ ಸಾಲಿಡಸ್. ಕಮ್ಮಾರ, ನೇಕಾರ, ಕೂಲಿಯವನ ಕೈಯಲ್ಲಿ ಹೆಸರು ಅಳಿಸಿದ ತಾಮ್ರದ ಬಿಲ್ಲೆ. ತೆರಿಗೆಯ ದಿನ ಬಂದಾಗ ಬಡವನು ತನ್ನ ತಾಮ್ರವನ್ನು ಹೊತ್ತು ಚಿನಿವಾರನ ಬಳಿಗೆ ಹೋಗಿ ಅವನು ಹೇಳಿದ ದರಕ್ಕೆ ಚಿನ್ನವನ್ನು ಕೊಳ್ಳಬೇಕು. ವರ್ತಕರ ಮೇಲೂ ಕುಶಲಕರ್ಮಿಗಳ ಮೇಲೂ ಕಾನ್‌ಸ್ಟಂಟೈನ್ ಹೇರಿದ ಕ್ರಿಸಾರ್ಗಿರನ್ ಎಂಬ ತೆರಿಗೆಯನ್ನು ನಾಲ್ಕೈದು ವರ್ಷಗಳಿಗೊಮ್ಮೆ ಚಿನ್ನ ಬೆಳ್ಳಿಗಳಲ್ಲಿ ವಸೂಲು ಮಾಡುತ್ತಿದ್ದರು. ಅದನ್ನು ತೆರಲು ತಾಯಂದಿರು ಮಕ್ಕಳನ್ನು ಮಾರಿದರೆಂದು ಜೊಸಿಮಸ್ ಬರೆದಿದ್ದಾನೆ. ಅವನು ಕಾನ್‌ಸ್ಟಂಟೈನನ ಧರ್ಮವನ್ನು ಒಪ್ಪದವನೆಂಬುದನ್ನು ನೆನಪಿನಲ್ಲಿಟ್ಟರೂ ಈ ತೆರಿಗೆಯ ಕ್ರೌರ್ಯಕ್ಕೆ ಬೇರೆ ಸಾಕ್ಷಿಗಳ ಕೊರತೆಯಿಲ್ಲ. ಸುಮಾರು ೩೬೮ರಲ್ಲಿ ಚಕ್ರವರ್ತಿಗೆ ಬರೆದ ಅನಾಮಧೇಯ ಬಿನ್ನಹವೊಂದು, ಕಾನ್‌ಸ್ಟಂಟೈನನ ಕಾಲದಲ್ಲಿ ಚಿನ್ನ ಹೇರಳವಾದುದೇ ಸಿರಿವಂತರ ಆಡಂಬರಕ್ಕೂ ಬಡವರ ಪೀಡನೆಗೂ ಕಾರಣವಾಯಿತೆಂದು ಸ್ಪಷ್ಟವಾಗಿ ಹೇಳುತ್ತದೆ. ಖೋಟಾ ನಾಣ್ಯವನ್ನು ತಡೆಯಲು ಟಂಕಸಾಲೆಯ ಕೆಲಸಗಾರರನ್ನು ಒಂದು ದ್ವೀಪದಲ್ಲಿ ಇರಿಸಬೇಕೆಂಬ ಸಲಹೆಯೂ ಅದರಲ್ಲಿದೆ.

೫. ತಕ್ಕಡಿಯ ನ್ಯಾಯ

ಚಿನ್ನದ ನಾಣ್ಯವಿದ್ದಲ್ಲಿ ಅಂಚು ಕತ್ತರಿಸುವವರೂ ಇರುತ್ತಾರೆ. ತಕ್ಕಡಿಯನ್ನು ಒತ್ತುವವರೂ ಇರುತ್ತಾರೆ. ೩೨೫ರ ಕಾನ್‌ಸ್ಟಂಟೈನನ ಕಾಯಿದೆಯೊಂದು ತೆರಿಗೆಯ ಚಿನ್ನವನ್ನು ತೂಗುವ ಬಗೆಯನ್ನು ವಿವರಿಸುತ್ತದೆ. ತಕ್ಕಡಿಯ ದಾರದ ತುದಿಯನ್ನು ಎರಡು ಬೆರಳುಗಳಿಂದ ಹಿಡಿಯತಕ್ಕದ್ದು. ಉಳಿದ ಮೂರು ಬೆರಳುಗಳು ಬಿಡಿಯಾಗಿ ಚಾಚಿರತಕ್ಕದ್ದು. ಅವು ತೂಕದ ಬಟ್ಟನ್ನು ಒತ್ತಕೂಡದು. ಒಬ್ಬ ಚಕ್ರವರ್ತಿಯ ಕಾಯಿದೆ ತೂಗುವವನ ಬೆರಳುಗಳ ಲೆಕ್ಕಕ್ಕೆ ಇಳಿಯಬೇಕಾಯಿತೆಂದರೆ, ಆ ಬೆರಳುಗಳು ಅದುವರೆಗೆ ಏನು ಮಾಡುತ್ತಿದ್ದುವೆಂಬುದನ್ನು ವಾಚಕರೇ ಊಹಿಸಬಹುದು.

ಜೂಲಿಯನ್ (೩೬೧–೩೬೩) ಈ ವಿಷಯದಲ್ಲಿ ಇನ್ನೂ ಮುಂದೆ ಹೋದನು. ಗಾಲ್ ದೇಶದಲ್ಲಿ ಅವನು ಅಧಿಕಾರದಲ್ಲಿದ್ದಾಗ ತೆರಿಗೆಯ ಪ್ರತಿಯೊಂದು ಘಟಕಕ್ಕೂ ೨೫ ಸಾಲಿಡಸ್ ಇದ್ದುದನ್ನು ೭ಕ್ಕೆ ಇಳಿಸಿದನೆಂದು ಅಮ್ಮಿಯಾನಸ್ ಮಾರ್ಸೆಲ್ಲಿನಸ್ ಹೊಗಳಿದ್ದಾನೆ. ೩೬೩ರಲ್ಲಿ ಪ್ರತಿಯೊಂದು ಪಟ್ಟಣದಲ್ಲಿಯೂ ಒಬ್ಬ ಅಧಿಕೃತ ತೂಕದವನನ್ನು ನೇಮಿಸುವ ಕಾಯಿದೆ ಮಾಡಿದನು. ನಾಣ್ಯದ ತೂಕದ ಬಗೆಗೆ ಕೊಡುವವನಿಗೂ ಕೊಳ್ಳುವವನಿಗೂ ವಿವಾದ ಬಂದರೆ ಇವನ ಮಾತೇ ಕೊನೆ. ಗಡ್ಡಧಾರಿಯಾದ ತತ್ತ್ವಜ್ಞನಂತೆ ತನ್ನನ್ನು ಚಿತ್ರಿಸಿಕೊಂಡು, ಹಿಂಬದಿಯಲ್ಲಿ ಗೂಳಿಯನ್ನು ಒತ್ತಿಸಿದ ಅವನ ದೊಡ್ಡ ತಾಮ್ರದ ನಾಣ್ಯ ತಾಮ್ರಕ್ಕೂ ಮರ್ಯಾದೆ ತರುವ ಪ್ರಯತ್ನ. ಗೂಳಿಯ ಅರ್ಥ ಇಂದಿಗೂ ವಿವಾದಾಸ್ಪದ. ಆ ನಾಣ್ಯ ಅವನ ಮರಣಾನಂತರ ಹೆಚ್ಚು ಕಾಲ ಬಾಳಲಿಲ್ಲ.

ವ್ಯಾಲೆಂಟಿನಿಯನ್ ಮತ್ತು ವ್ಯಾಲೆನ್ಸ್ ಸೋದರರು ೩೬೦ರ ದಶಕದ ಉತ್ತರಾರ್ಧದಲ್ಲಿ, ತೆರಿಗೆಯಾಗಿ ಬಂದ ಸಾಲಿಡಸ್ಸುಗಳನ್ನು ಕರಗಿಸಿ, ಶುದ್ಧಮಾಡಿ, ಮತ್ತೆ ಅಚ್ಚು ಹಾಕುವ ಕ್ರಮವನ್ನು ಬಿಗಿಗೊಳಿಸಿದರು. ಅಂದಿನಿಂದ ಚಿನ್ನದ ನಾಣ್ಯಗಳ ಮೇಲೆ ‘ಓಬ್’ ಎಂಬ ಅಕ್ಷರಗಳು ಕಾಣುತ್ತವೆ. ಪುಟವಿಟ್ಟ ಚಿನ್ನವೆಂದು ಅದರ ಅರ್ಥ. ಗ್ರೀಕ್ ಅಕ್ಷರಸಂಖ್ಯೆಯಲ್ಲಿ ಅವೇ ಅಕ್ಷರಗಳು ೭೨ನ್ನೂ ಸೂಚಿಸುತ್ತವೆ. ಮುಂದೆ ಕಾನ್‌ಸ್ಟಾಂಟಿನೋಪಲಿನ ಹೆಸರು ಸೇರಿ ‘ಕೊನೊಬ್’ ಎಂಬ ಗುರುತು ಶತಮಾನಗಳ ಕಾಲ ನಡೆಯಿತು.

೬. ಬರಹವೂ ವಾಸ್ತವವೂ

೩೪೮ರ ಸುಮಾರಿಗೆ ಕಾನ್‌ಸ್ಟಂಟೈನನ ಮಕ್ಕಳು ಹೊರಡಿಸಿದ ತಾಮ್ರದ ನಾಣ್ಯಗಳ ಮೇಲೆ ‘ಫೆಲ್ ಟೆಂಪ್ ರೆಪರಾಟಿಯೊ’ ಎಂಬ ಬರಹವಿದೆ; ಸುಖದ ಕಾಲ ಮರಳಿ ಬಂತೆಂದು ತಾತ್ಪರ್ಯ. ರೋಮನ್ ಸೈನಿಕನೊಬ್ಬ ಬಿದ್ದ ಶತ್ರುವನ್ನು ಈಟಿಯಿಂದ ತಿವಿಯುವ ಚಿತ್ರ ಅದರ ಜತೆಗೆ. ಬರಹ ಅದೇ ಇರುವಾಗಲೇ ಕೆಲವೇ ವರ್ಷಗಳಲ್ಲಿ ಆ ನಾಣ್ಯ ಕುಗ್ಗಿ ಉಗುರಿನಷ್ಟಾಯಿತು.

ಚಿನ್ನ ಮಾತ್ರ ಹೊರಗಿನವರ ಕೈಗೂ ಅದೇ ಗಟ್ಟಿತನದಿಂದ ಹೋಯಿತು. ೪೦೮ರಲ್ಲಿ ಗಾಥರ ನಾಯಕ ಅಲಾರಿಕ್ ರೋಮನ್ನು ಮುತ್ತಿ ೫,೦೦೦ ಪೌಂಡು ಚಿನ್ನ, ೩೦,೦೦೦ ಪೌಂಡು ಬೆಳ್ಳಿಗಳ ಜತೆಗೆ ೩,೦೦೦ ಪೌಂಡು ಕರಿಮೆಣಸನ್ನೂ ಪಡೆದನು. ಹಣ ಸಾಲದೆ ರೋಮನರು ದೇವತಾಮೂರ್ತಿಗಳನ್ನು ಕರಗಿಸಿದರು. ಶೌರ್ಯದೇವತೆಯ ಮೂರ್ತಿಯೂ ಅವುಗಳಲ್ಲಿ ಒಂದು. ಎರಡನೆಯ ಥಿಯೋಡೋಸಿಯಸ್ ಹೂಣರಿಗೆ ವರ್ಷಕ್ಕೆ ೭೦೦ ಪೌಂಡು ಚಿನ್ನವನ್ನು ಕೊಡುತ್ತಿದ್ದು, ೪೪೦ರ ದಶಕದಲ್ಲಿ ಅಟ್ಟಿಲನ ಒತ್ತಾಯಕ್ಕೆ ಅದನ್ನು ೨,೧೦೦ ಪೌಂಡಿಗೆ, ಎಂದರೆ ೧,೫೧,೨೦೦ ಸಾಲಿಡಸ್ಸುಗಳಿಗೆ ಏರಿಸಬೇಕಾಯಿತು. ೪೭೬ರಲ್ಲಿ ಪಶ್ಚಿಮದ ಕೊನೆಯ ಚಕ್ರವರ್ತಿಯನ್ನು ಕೆಳಗಿಳಿಸಿದ ಒಡೊವಕರನು ಕೂಡ ಸಾಲಿಡಸ್ಸನ್ನು ಕಾನ್‌ಸ್ಟಾಂಟಿನೋಪಲಿನ ಜೀನೋ ಚಕ್ರವರ್ತಿಯ ಹೆಸರಿನಲ್ಲಿಯೇ ಅಚ್ಚು ಹಾಕಿಸಿದನು. ಪಶ್ಚಿಮದಲ್ಲಿ ರಾಜ್ಯ ಹೋಯಿತು, ನಾಣ್ಯ ಉಳಿಯಿತು.

೭. ಅನಸ್ತಾಸಿಯಸ್

ತಾಮ್ರದ ನಾಣ್ಯಕ್ಕೆ ನ್ಯಾಯ ದೊರೆತುದು ಅನಸ್ತಾಸಿಯಸ್ ಚಕ್ರವರ್ತಿಯ ಕಾಲದಲ್ಲಿ (೪೯೧–೫೧೮). ೪೯೮ರಲ್ಲಿ ಅವನು ೪೦, ೨೦, ೧೦ ನಮ್ಮಸ್ ಬೆಲೆಯ ತಾಮ್ರದ ನಾಣ್ಯಗಳನ್ನು ಹೊರಡಿಸಿ, ಪ್ರತಿಯೊಂದರ ಮೇಲೂ ಅದರ ಬೆಲೆಯನ್ನು ದೊಡ್ಡ ಅಕ್ಷರಸಂಖ್ಯೆಯಲ್ಲಿ ಕೆತ್ತಿಸಿದನು. ಓದುಬಾರದ ತರಕಾರಿ ಮಾರುವವಳಿಗೂ ತನ್ನ ಕೈಯಲ್ಲಿರುವುದರ ಬೆಲೆ ತಿಳಿಯುವಂತಾಯಿತು. ಅದೇ ವರ್ಷ ಕ್ರಿಸಾರ್ಗಿರನ್ ತೆರಿಗೆಯನ್ನು ರದ್ದುಮಾಡಿದನು. ನಾಲ್ಕು ವರ್ಷಗಳಿಗೊಮ್ಮೆ ೧೪೦ ಪೌಂಡು ಚಿನ್ನವನ್ನು ತೆರುತ್ತಿದ್ದ ಎಡೆಸ್ಸ ನಗರದಲ್ಲಿ ಜನ ಬಿಳಿಯ ಬಟ್ಟೆಯುಟ್ಟು, ದೀಪ ಧೂಪಗಳನ್ನು ಹಿಡಿದು, ಮೆರವಣಿಗೆ ಹೊರಟರೆಂದು ಅಂದಿನ ಸಿರಿಯಾಕ್ ವೃತ್ತಾಂತವೊಂದು ತಿಳಿಸುತ್ತದೆ. ಇಷ್ಟಾದರೂ ಅವನು ಸತ್ತಾಗ ಭಂಡಾರದಲ್ಲಿ ೩,೨೦,೦೦೦ ಪೌಂಡು ಚಿನ್ನವಿತ್ತೆಂದು ಪ್ರೊಕೋಪಿಯಸ್ ಹೇಳುತ್ತಾನೆ. ಬಡವನ ನಾಣ್ಯವನ್ನು ಸರಿಪಡಿಸಿದರೆ ಬೊಕ್ಕಸ ಬರಿದಾಗುವುದೆಂಬ ವಾದಕ್ಕೆ ಇದು ತಕ್ಕ ಉತ್ತರ.

೮. ನಮ್ಮ ನಾಡಿನಲ್ಲಿ

ಈ ನಾಣ್ಯಗಳ ಕಥೆಗೆ ಕನ್ನಡನಾಡಿನ ನಂಟೂ ಇದೆ. ಚಿತ್ರದುರ್ಗದ ಚಂದ್ರವಳ್ಳಿ, ಬೆಂಗಳೂರಿನ ಯಶವಂತಪುರ ಮೊದಲಾದೆಡೆಗಳಲ್ಲಿ ಮೊದಲ ಶತಮಾನದ ದಿನಾರಿಗಳು ದೊರೆತಿವೆ. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ನಾಣ್ಯಗಳದೇ ಬಹುಪಾಲು; ನೀರೋ ಬೆರಕೆ ಮಾಡಿದ ಅನಂತರದ ಬೆಳ್ಳಿ ವಿರಳ. ಬೆಳ್ಳಿಯನ್ನು ಲೋಹವೆಂದೇ ಎಣಿಸುತ್ತಿದ್ದ ನಮ್ಮ ವರ್ತಕನಿಗೆ ಅಚ್ಚಿನ ಮುಖ ಮುಖ್ಯವಾಗಿರಲಿಲ್ಲ. ಸಾಲಿಡಸ್ ಬಂದ ಮೇಲೆ ರೋಮನ್ ಚಿನ್ನ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಇಂದಿನ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ೫, ೬ನೆಯ ಶತಮಾನಗಳ ಚಕ್ರವರ್ತಿಗಳ ಸಾಲಿಡಸ್ಸುಗಳಿದ್ದುವು. ದಕ್ಷಿಣದಲ್ಲಿ ದೊರೆತ ಇಂಥ ಹಲವು ನಾಣ್ಯಗಳಿಗೆ ಮುಖದ ಮೇಲ್ಭಾಗದಲ್ಲಿ ಎರಡು ತೂತುಗಳಿರುವುದರಿಂದ ಅವು ಆಭರಣಗಳಾಗಿಯೂ ಮೆರೆದುವೆಂದು ತಿಳಿಯುತ್ತದೆ.

೬ನೆಯ ಶತಮಾನದ ಮಧ್ಯದಲ್ಲಿ ಬರೆದ ಕಾಸ್ಮಸ್ ಎಂಬ ಅಲೆಕ್ಸಾಂಡ್ರಿಯದ ವರ್ತಕನು ಪಶ್ಚಿಮ ಕರಾವಳಿಯ ಮೆಣಸಿನ ಬಂದರುಗಳಲ್ಲಿ ‘ಮಂಗರೂತ್’ ಎಂಬುದನ್ನು ಹೆಸರಿಸಿದ್ದಾನೆ. ಇದು ಮಂಗಳೂರೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಸಿಂಹಳದ ಅರಸನ ಮುಂದ�� ಒಬ್ಬ ರೋಮನ್ ವರ್ತಕನೂ ಒಬ್ಬ ಪಾರಸಿಕನೂ ತಮ್ಮ ತಮ್ಮ ದೊರೆಗಳ ಹಿರಿಮೆಯನ್ನು ಕುರಿತು ವಾದಿಸಿದ ಕಥೆಯನ್ನೂ ಅವನೇ ಹೇಳುತ್ತಾನೆ. ಇಬ್ಬರು ದೊರೆಗಳೂ ಇಲ್ಲಿಯೇ ಇದ್ದಾರೆ, ನೋಡಿರೆಂದು ರೋಮನನು ಎರಡು ನಾಣ್ಯಗಳನ್ನು ಮುಂದಿಡಿಸಿದನಂತೆ. ಹೊಳೆಯುವ ಚಿನ್ನವನ್ನು ಕಂಡು ಅರಸನು ರೋಮಿನ ಪಕ್ಷ ವಹಿಸಿದನಂತೆ. ಹೊರದೇಶಕ್ಕೆ ಕಳುಹಿಸಲು ಆರಿಸಿದ ಒಳ್ಳೆಯ ನಾಣ್ಯಗಳು ಅವು ಎಂಬುದನ್ನು ಕಾಸ್ಮಸ್ ಮರೆಮಾಡಿಲ್ಲ. ಆ ಅರಸನ ಮುಂದೆ ಎಡೆಸ್ಸದ ನೇಕಾರನ ಕೈಯಲ್ಲಿದ್ದ ಹಳೆಯ ತಾಮ್ರದ ಬಿಲ್ಲೆಯನ್ನು ಇಟ್ಟಿದ್ದರೆ ತೀರ್ಪು ಏನಾಗುತ್ತಿತ್ತೋ!

ಉಪಸಂಹಾರ

೧೧ನೆಯ ಶತಮಾನದಲ್ಲಿ ಬೈಜಾಂಟೈನ್ ಚಕ್ರವರ್ತಿಗಳು ಚಿನ್ನಕ್ಕೂ ಬೆರಕೆ ಹಾಕಲಾರಂಭಿಸುವವರೆಗೆ ಕಾನ್‌ಸ್ಟಂಟೈನನ ತೂಕ ನಿಂತಿತು. ಇದನ್ನು ಮೆಚ್ಚಲೇಬೇಕು. ಆದರೆ ಒಂದು ರಾಜ್ಯದ ನಾಣ್ಯ ಚೆನ್ನಾಗಿದೆಯೇ ಎಂದು ಕೇಳುವಾಗ, ಯಾರ ಕೈಯಲ್ಲಿರುವ ನಾಣ್ಯ ಎಂಬ ಪ್ರಶ್ನೆಯನ್ನೂ ಕೂಡಿಸಿಯೇ ಕೇಳಬೇಕೆಂಬುದು ಈ ಚರಿತ್ರೆಯಿಂದ ತಿಳಿಯುವ ಪಾಠ. ಕಾನ್‌ಸ್ಟಂಟೈನನಿಂದ ಅನಸ್ತಾಸಿಯಸನವರೆಗಿನ ಸುಮಾರು ೧೯೦ ವರ್ಷ ರೋಮನ್ ಸಾಮ್ರಾಜ್ಯಕ್ಕೆ ಜಗತ್ತು ಮೆಚ್ಚಿದ ನಾಣ್ಯವೂ ಇತ್ತು, ತನ್ನ ಪ್ರಜೆಯೇ ನಂಬದ ನಾಣ್ಯವೂ ಇತ್ತು.

ಇಂದು ನಾವು ಬಳಸುವ ನೋಟಿನಲ್ಲಿ ಲೋಹವೇ ಇಲ್ಲ. ರಿಸರ್ವ್ ಬ್ಯಾಂಕಿನ ಗವರ್ನರರ ವಚನವೊಂದು ಅದರ ಮೇಲೆ ಅಚ್ಚಾಗಿದೆ, ಅಷ್ಟೆ. ಒರೆಗಲ್ಲಿಗೆ ಹಚ್ಚಿ ನೋಡಲು ಏನೂ ಉಳಿದಿಲ್ಲವಾದ ಕಾರಣ, ವಚನದ ಭಾರ ರೋಮನ್ ಚಕ್ರವರ್ತಿಗಳ ಕಾಲಕ್ಕಿಂತ ಇಂದು ಹೆಚ್ಚಾಗಿದೆ. ಕನ್ನಡದಲ್ಲಿ ‘ನಾಣ್ಯ’ ಎಂಬ ಮಾತಿಗೆ ಅಚ್ಚೊತ್ತಿದ ಹಣವೆಂಬ ಅರ್ಥದೊಡನೆ ಒಳ್ಳೆಯತನ, ವಿಶ್ವಾಸಾರ್ಹತೆ ಎಂಬ ಅರ್ಥವೂ ಉಂಟು. ನಂಬಬಹುದಾದವನನ್ನು ನಾಣ್ಯಸ್ಥನೆಂದು ಕರೆಯುತ್ತೇವೆ. ಈ ಎರಡು ಅರ್ಥಗಳನ್ನು ಒಂದೇ ಮಾತಿನಲ್ಲಿ ಇಟ್ಟ ನಮ್ಮ ಹಿರಿಯರು, ಆಕ್ಸಿರಿಂಕಸ್ಸಿನ ಚಿನಿವಾರರು ಬಾಗಿಲು ಹಾಕಿಕೊಂಡು ತಿಳಿಸಿದ ಸತ್ಯವನ್ನು ತಮ್ಮದೇ ಅನುಭವದಿಂದ ಕಂಡಿದ್ದರೆಂದು ತೋರುತ್ತದೆ.